ಕಾರ್ಡ್ ಸಾಲ ತೀರಿಸಲು ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವ ಸೇವೆಗಳು: ಯಾವುದು ನಡೆದೀತು, ಯಾವುದು ಬೇಡವೇ ಬೇಡ

ಕೊಪ್ಪಿಕರ ರಸ್ತೆಯಿಂದ ವಿದ್ಯಾನಗರದವರೆಗೆ, ಅತ್ತ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಕ್ರೆಡಿಟ್ ಕಾರ್ಡ್ ಕೊಡುವವರಿಗೆ ಬರವಿಲ್ಲ. ಕಾರ್ಡಿನ ಸಾಲ ತೀರಿಸಿಕೊಡುತ್ತೇವೆ ಎನ್ನುವವರಿಗೂ ಈಗ ಬರವಿಲ್ಲ. ಬ್ಯಾಂಕಿನ ಇಎಂಐ, ಪರ್ಸನಲ್ ಲೋನ್, ಬಂಗಾರದ ಸಾಲ, ಪತ್ತಿನ ಸಂಘ, ಸೆಟಲ್‌ಮೆಂಟ್ ಕಂಪನಿ, ಎಲ್ಲವೂ ಮಾರಾಟಕ್ಕಿರುವ ಸರಕುಗಳೇ. ಸರಕಿನಂತೆಯೇ ಅವನ್ನು ಇಲ್ಲಿ ತೂಗಿದ್ದೇವೆ. ಕೇಳಿದ್ದು ಎರಡೇ ಪ್ರಶ್ನೆ. ಎಲ್ಲ ಖರ್ಚು ಸೇರಿ ರೂಪಾಯಿ ಲೆಕ್ಕದಲ್ಲಿ ಎಷ್ಟು ಬೀಳುತ್ತದೆ? ಬಾಕಿ ತೀರಿದ ಮರುದಿನ ಕಾರ್ಡಿನಲ್ಲಿ ಖಾಲಿಯಾಗಿ ಉಳಿಯುವ ಸಾಲದ ಮಿತಿ ಏನಾಗುತ್ತದೆ? ಎರಡನೆಯದನ್ನು ಯಾವ ಏಜೆಂಟನೂ ತಾನಾಗಿ ಎತ್ತುವುದಿಲ್ಲ. ಜನ ಎರಡನೇ ಸಲ ಮುಳುಗುವುದು ಅಲ್ಲೇ.

ಮೊದಲು ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಸರಕನ್ನೇ ನೋಡೋಣ: ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕೆಂದು ಬಿಲ್‌ನಲ್ಲಿ ಬರೆದ ಕನಿಷ್ಠ ಮೊತ್ತ. ಬಹುತೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿದರೆ ತಿಂಗಳಿಗೆ ಶೇ. 4.13. ಒಂದು ಲಕ್ಷ ಬಾಕಿಯ ಮೇಲೆ ತಿಂಗಳಿಗೆ 4,130 ರೂ. ಬಡ್ಡಿ-ತೆರಿಗೆಗೇ ಹೋಗುತ್ತದೆ. ಮಿನಿಮಮ್ ಸಾಮಾನ್ಯವಾಗಿ ಬಾಕಿಯ ಶೇ. 5. ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡದೆ ವರ್ಷಪೂರ್ತಿ ಬರೀ ಮಿನಿಮಮ್ ಕಟ್ಟಿದರೆ ನೀವು ಕೊಟ್ಟಿದ್ದು ಸುಮಾರು 59 ಸಾವಿರ, ಸಾಲ ಇಳಿದಿದ್ದು ಸುಮಾರು 12 ಸಾವಿರ. ಅದೇ ಕಾರ್ಡಿಗೆ ತಿಂಗಳಿಗೆ ಹಟ ಹಿಡಿದು 10 ಸಾವಿರ ಕಟ್ಟಿದರೆ ಹದಿನಾಲ್ಕನೇ ತಿಂಗಳಿಗೆ ಮುಗಿಯುತ್ತದೆ, ಒಟ್ಟು ಸುಮಾರು 1.32 ಲಕ್ಷಕ್ಕೆ. ಕಾಲ್ ಸೆಂಟರಿನವರು "ಮಿನಿಮಮ್ ಕಟ್ರಿ ಸರ್, ಸಾಕು" ಅನ್ನುತ್ತಾರಲ್ಲ, ಆ ಸಾಕು ಅವರಿಗೆ.

ಇನ್ನೊಂದು ಮಾತು ಹಲವರಿಗೆ ತಿಳಿದಿರುವುದಿಲ್ಲ. ಒಂದು ತಿಂಗಳ ಬಿಲ್ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ಹೊಸ ಖರೀದಿಗೂ ಸಿಗುವುದಿಲ್ಲ, ಖರೀದಿಸಿದ ದಿನದಿಂದಲೇ ಬಡ್ಡಿ ಶುರು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರು ಇದನ್ನು ಎರಡು ಸಲ ಓದಬೇಕು. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು ಸ್ಕ್ಯಾನ್ ಮಾಡಿದ ಐವತ್ತು ರೂಪಾಯಿಯೂ ಶೇ. 42ರ ಸಾಲವೇ. ಸಾಲ ತೀರಿಸಲು ಹೊರಟವರ ಮೊದಲ ಕೆಲಸ ಯಾವ ಕಚೇರಿಗೂ ಹೋಗುವುದಲ್ಲ. ಫೋನಿನ ಯುಪಿಐ ಆ್ಯಪ್‌ನಿಂದ ಆ ಕಾರ್ಡನ್ನು ತೆಗೆಯುವುದು, ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅಳಿಸುವುದು, ಓಟಿಟಿ-ವಿಮೆಗಳ ಆಟೋ ಪೇಯನ್ನು ಉಳಿತಾಯ ಖಾತೆಗೆ ಬದಲಿಸುವುದು.

"ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಕಾನೂನುಬಾಹಿರ" ಎಂಬ ವಾಟ್ಸಾಪ್ ಸಂದೇಶ ಇನ್ನೂ ಓಡಾಡುತ್ತಿದೆ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಗೆ ಹೇಳಿದ್ದು ನಿಜ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ಆದೇಶವನ್ನು ರದ್ದು ಮಾಡಿದೆ. ಅದನ್ನು ನಂಬಿ ಬ್ಯಾಂಕಿನವರೊಂದಿಗೆ ವಾದಕ್ಕಿಳಿಯಬೇಡಿ.

ಬ್ಯಾಂಕಿನ ಇಎಂಐ

ಬಾಕಿಯನ್ನು ಕಂತುಗಳಾಗಿ ಬದಲಿಸುವ ಈ ಸೌಲಭ್ಯ ಆ್ಯಪ್‌ನಲ್ಲೇ ಎರಡು ನಿಮಿಷದ ಕೆಲಸ. ಹೊಸ ಕಾಗದಪತ್ರ ಬೇಡ, ಜಾಮೀನು ಬೇಡ. ವರ್ಷಕ್ಕೆ ಶೇ. 16ರಂತೆ ಒಂದು ಲಕ್ಷಕ್ಕೆ 12 ಕಂತು ಹಾಕಿದರೆ ಕಂತು ಸುಮಾರು 9,073 ರೂ., ಬಡ್ಡಿ ಸುಮಾರು 8,900. ಆ ಬಡ್ಡಿಗೂ ಜಿಎಸ್‌ಟಿ ಉಂಟು, ಸುಮಾರು 1,600. ಪ್ರೊಸೆಸಿಂಗ್ ಶುಲ್ಕ ಶೇ. 2 ಇದ್ದರೆ ತೆರಿಗೆ ಸೇರಿ 2,360. ಒಟ್ಟು ಖರ್ಚು 13 ಸಾವಿರದ ಹತ್ತಿರ. ಮಿನಿಮಮ್ ದಾರಿಗೆ ಹೋಲಿಸಿದರೆ ಬಹಳ ವಾಸಿ.

ಎಡವುವುದು ಮೂರು ಕಡೆ. ಫೋನಿನಲ್ಲಿ "ತಿಂಗಳಿಗೆ ಬರೀ 0.99" ಅಂದರೆ ಅದು ಫ್ಲ್ಯಾಟ್ ದರವೋ (ಮೊದಲಿನ ಅಸಲಿಗೇ ಕೊನೆಯವರೆಗೂ ಬಡ್ಡಿ) ಇಳಿಕೆ ಬಾಕಿಯ ದರವೋ (ಉಳಿದ ಬಾಕಿಗಷ್ಟೇ ಬಡ್ಡಿ) ಕೇಳಿ. ಫ್ಲ್ಯಾಟ್ ಆದರೆ 12 ತಿಂಗಳಿಗೆ ಅದರ ನಿಜ ದರ ವರ್ಷಕ್ಕೆ ಶೇ. 21ರಷ್ಟು. ಎರಡನೆಯದಾಗಿ, ಪ್ರತಿ ತಿಂಗಳ ಕಂತು ಆ ತಿಂಗಳ ಮಿನಿಮಮ್ ಡ್ಯೂ ಒಳಗೆ ಪೂರ್ತಿಯಾಗಿ ಸೇರುತ್ತದೆ; ಬಿಲ್‌ನಲ್ಲಿ ಇಎಂಐ ಅಲ್ಲದ ಬಾಕಿ ಉಳಿದಿದ್ದರೆ ಅದಕ್ಕೆ ಶೇ. 42 ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಹಾಗಾಗಿ ಬದಲಿಸಿದರೆ ಇಡೀ ಬಾಕಿ ಬದಲಿಸಿ, ಅರ್ಧಂಬರ್ಧ ಬೇಡ. ಮೂರನೆಯದು ಖಾಲಿ ಮಿತಿಯ ಮಾತು: ಕಂತು ಕಟ್ಟಿದಷ್ಟೂ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ಕಸ್ಟಮರ್ ಕೇರ್‌ಗೆ ಇ-ಮೇಲ್ ಬರೆದು ಮಿತಿ ಇಳಿಸಿ ಎಂದು ಕೇಳಬಹುದು, ಅದು ನಿಮ್ಮ ಹಕ್ಕು.

ತಿಂಗಳ ಸಂಬಳ ನಿಶ್ಚಿತವಾಗಿ ಬರುವವರಿಗೆ, ಮನೆಯಲ್ಲಿ ಬಂಗಾರ ಇಲ್ಲದವರಿಗೆ, ನಮ್ಮ ಮೊದಲ ಶಿಫಾರಸು ಇದೇ. ಒಂದು ಕಂತೂ ತಪ್ಪದ ಕಾಲದಲ್ಲಿ ಕೇಳಿದರೆ ಸಿಗುತ್ತದೆ. ಎರಡು ತಿಂಗಳು ತಪ್ಪಿದ ಮೇಲೆ ಕೇಳಿದರೆ ಆ್ಯಪ್‌ನಿಂದ ಆ ಆಯ್ಕೆಯೇ ಮಾಯವಾಗಿರುತ್ತದೆ. ಹಾಗಾಗಿ ತಡ ಮಾಡಬೇಡಿ.

ಪರ್ಸನಲ್ ಲೋನ್

ಏಜೆಂಟರು ತೋರಿಸುವುದು ಕಂತಿನ ಗಾತ್ರ. ಶೇ. 15ರಂತೆ ಒಂದು ಲಕ್ಷಕ್ಕೆ 36 ತಿಂಗಳಾದರೆ ಕಂತು 3,467, ಬಡ್ಡಿ ಸುಮಾರು 24,800. ಅದನ್ನೇ 12 ತಿಂಗಳಿಗೆ ಹಾಕಿದರೆ ಕಂತು 9,026, ಬಡ್ಡಿ ಸುಮಾರು 8,300. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲದಿರುವುದು ಕಾರ್ಡ್ ಇಎಂಐಗಿಂತ ಇದಕ್ಕಿರುವ ಮೇಲುಗೈ. ಆದರೆ ವಿಮೆಯ ಕಂತನ್ನು ಸಾಲದೊಳಗೇ ತುರುಕುವ ಚಾಳಿ ಇದೆ. ಒಂದು ಲಕ್ಷ ಮಂಜೂರು ಎಂದು ಕಾಗದದಲ್ಲಿದ್ದು ಖಾತೆಗೆ ಬಂದಿದ್ದು 95 ಸಾವಿರ ಅಂದರೆ ನಡುವಿನದು ಶುಲ್ಕ ಮತ್ತು ವಿಮೆ. 2024ರ ಅಕ್ಟೋಬರ್ 1ರಿಂದ ಪ್ರತಿ ಚಿಲ್ಲರೆ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಅದರಲ್ಲಿ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಎಪಿಆರ್ ಎಂದು ನಮೂದಾಗಿರುತ್ತದೆ. ಸಹಿ ಮಾಡುವ ಮೊದಲು ಆ ಹಾಳೆಯನ್ನು ಕೇಳಿ ಪಡೆಯಿರಿ. ಕೊಡಲು ಮೀನಮೇಷ ಎಣಿಸುವವನಿಂದ ಸಾಲ ಬೇಡ. ದರ ಸ್ಥಿರವಾದುದಾದರೆ ಮೊದಲೇ ತೀರಿಸಲು ಶುಲ್ಕವೂ ಇರಬಹುದು, ಅದನ್ನೂ ಅದೇ ಹಾಳೆಯಲ್ಲಿ ನೋಡಿ.

ಹಣ ಬಂದ ದಿನವೇ ಪೂರ್ತಿ ಕಾರ್ಡಿಗೆ ಹೋಗಬೇಕು. ಹತ್ತು ಸಾವಿರ "ಇರಲಿ" ಎಂದು ಉಳಿಸಿಕೊಂಡರೆ ಅದು ಹಬ್ಬಕ್ಕೆ ಹೋಗುತ್ತದೆ, ಬಾಕಿ ಕಾರ್ಡಿನಲ್ಲೇ ಕೂರುತ್ತದೆ.

ಬಂಗಾರದ ಸಾಲ

ನಮ್ಮ ಭಾಗದಲ್ಲಿ ಹೆಚ್ಚು ಮನೆಗಳಿಗೆ ನಿಜವಾಗಿ ಹೊಂದುವ ದಾರಿ ಇದು. ಪಾಟ್ಲಿ ಕಪಾಟಿನಲ್ಲಿದ್ದು ಕಾರ್ಡಿಗೆ ಶೇ. 42 ಕಟ್ಟುವುದರಲ್ಲಿ ಅರ್ಥವಿಲ್ಲ. "ಬಂಗಾರ ಅಡ ಇಟ್ಟರೆ ಮಂದಿ ಏನಂದಾರು" ಎನ್ನುವ ಮರ್ಯಾದೆಯ ಪ್ರಶ್ನೆಯೊಂದೇ ಹಲವರನ್ನು ತಡೆಯುವುದು. ಆ ಮರ್ಯಾದೆಗೆ ತಿಂಗಳಿಗೆ ಲಕ್ಷಕ್ಕೆ ಮೂರು ಸಾವಿರ ಜಾಸ್ತಿ ತೆರುತ್ತಿದ್ದೀರಿ.

ಬ್ಯಾಂಕಿನಲ್ಲಿ ಶೇ. 10ಕ್ಕೆ ಒಂದು ಲಕ್ಷ ಸಿಕ್ಕರೆ, ತಿಂಗಳ ಕಂತಿನಲ್ಲಿ ವರ್ಷಕ್ಕೆ ತೀರಿಸಿದರೆ ಬಡ್ಡಿ ಸುಮಾರು 5,500; ವರ್ಷದ ಕೊನೆಗೆ ಒಮ್ಮೆಲೇ ತೀರಿಸುವುದಾದರೆ 10 ಸಾವಿರ. ಜೊತೆಗೆ ಅಕ್ಕಸಾಲಿಗರ ಮೌಲ್ಯಮಾಪನ ಶುಲ್ಕ. ಖಾಸಗಿ ಬಂಗಾರ-ಸಾಲದ ಅಂಗಡಿಗಳಲ್ಲಿ ಹತ್ತು ನಿಮಿಷಕ್ಕೆ ಹಣ, ಆದರೆ ದರ ಹೆಚ್ಚು. ಅಲ್ಲಿನ ಕೆಲವು ಸ್ಕೀಮುಗಳ ಒಳಗುಟ್ಟೂ ಗೊತ್ತಿರಲಿ: ಗೋಡೆಯ ಮೇಲೆ ಬರೆದ ಕಡಿಮೆ ದರ ತಿಂಗಳು ತಿಂಗಳು ಬಡ್ಡಿ ಕಟ್ಟುವವರಿಗೆ ಸಿಗುವ ರಿಯಾಯಿತಿ ಮಾತ್ರ. ಕಟ್ಟದೆ ಬಿಟ್ಟರೆ ದರ ಮೇಲಿನ ಸ್ಲ್ಯಾಬಿಗೆ ಹಾರುತ್ತದೆ.

ರಿಸರ್ವ್ ಬ್ಯಾಂಕಿನ ಹೊಸ ನಿರ್ದೇಶನಗಳು 2025ರ ಜೂನ್‌ನಲ್ಲಿ ಬಂದವು, ಪಾಲನೆಗೆ 2026ರ ಏಪ್ರಿಲ್ 1 ಗಡುವು. ಅವುಗಳ ಪ್ರಕಾರ 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಮೌಲ್ಯದ ಶೇ. 85ರವರೆಗೆ, 5 ಲಕ್ಷದವರೆಗೆ ಶೇ. 80, ಅದರ ಮೇಲೆ ಶೇ. 75 ಕೊಡಬಹುದು. ಒಮ್ಮೆಲೇ ತೀರಿಸುವ ಸಾಲವಾದರೆ ಈ ಶೇಕಡಾವಾರನ್ನು ಅಸಲಿಗಲ್ಲ, ಕೊನೆಗೆ ಬಡ್ಡಿ ಸೇರಿ ಕಟ್ಟಬೇಕಾದ ಮೊತ್ತಕ್ಕೆ ಲೆಕ್ಕ ಹಾಕುತ್ತಾರೆ. ಕೈಗೆ ಬರುವುದು ಸ್ವಲ್ಪ ಕಡಿಮೆ. ತೂಕದಲ್ಲಿ ಹರಳು, ದಾರ, ಅರಗು ಕಳೆಯುತ್ತಾರೆ. ಬೋರಮಾಳ, ಗುಂಡಿನ ಸರ ಒಯ್ಯುವವರು ಇದಕ್ಕೆ ಸಿದ್ಧರಿರಬೇಕು, ಟೊಳ್ಳು ಗುಂಡಿನೊಳಗಿನ ಅರಗು ಬಂಗಾರವಲ್ಲವಲ್ಲ. ಪಾಟ್ಲಿ, ಬಿಲ್ವಾರದಂಥ ಗಟ್ಟಿ ಒಡವೆಗೆ ಕಡಿತ ಕಡಿಮೆ. ತೂಗುವಾಗ, ಒರೆ ಹಚ್ಚುವಾಗ ನೀವು ಎದುರಿಗೇ ಇರಬೇಕು. ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ ಬರೆದ ಪ್ರಮಾಣಪತ್ರವನ್ನು ಕೇಳಿ ತೆಗೆದುಕೊಳ್ಳಿ. ಸಾಲ ತೀರಿದ ಮೇಲೆ 7 ಕೆಲಸದ ದಿನಗಳೊಳಗೆ ಒಡವೆ ವಾಪಸ್ ಬರಬೇಕು. ತಪ್ಪು ಸಾಲ ಕೊಟ್ಟವರದಾದರೆ ದಿನಕ್ಕೆ 5,000 ರೂ. ಪರಿಹಾರ. ಲಿಲಾವಿಗೆ ಹೋದರೆ ಮೊದಲ ಎರಡು ಸಲ ಮೀಸಲು ಬೆಲೆ ಮೌಲ್ಯದ ಶೇ. 90ಕ್ಕಿಂತ ಕಡಿಮೆ ಇಡುವಂತಿಲ್ಲ, ಸಾಲ ಕಳೆದು ಉಳಿದ ಹಣ ನಿಮ್ಮದು.

ಬ್ಯಾಡಗಿಯ ಮೆಣಸಿನಕಾಯಿ, ಗದಗ ಕಡೆಯ ಉಳ್ಳಾಗಡ್ಡಿ, ಹಾವೇರಿಯ ಹತ್ತಿ, ಹೀಗೆ ಹಂಗಾಮಿನ ಆದಾಯದ ಮನೆಗಳಿಗೆ ಕಾರ್ಡಿನ ತಿಂಗಳ ಲೆಕ್ಕ ಮೊದಲಿನಿಂದಲೂ ಒಗ್ಗುವುದಿಲ್ಲ. ಬಂಗಾರದ ಸಾಲಕ್ಕೆ ಪೇಟೆಯಲ್ಲಿ ಮಾಲು ಮಾರಿದ ವಾರವೇ ದೊಡ್ಡ ಮೊತ್ತ ಕಟ್ಟಬಹುದು. ಆದರೆ ವರ್ಷದ ಕೊನೆಗೆ ಬರೀ ಬಡ್ಡಿ ಕಟ್ಟಿ ಅದೇ ಒಡವೆಯ ಮೇಲೆ ಮತ್ತೆ ಸಾಲ ಬರೆಸುವ ಚಟಕ್ಕೆ ಬಿದ್ದರೆ ಈ ದಾರಿಯೂ ಮುಗಿಯುವುದಿಲ್ಲ. ಸಂಬಳದವರಾಗಿದ್ದರೆ ಕಂತಿನ ಸಾಲವನ್ನೇ ಕೇಳಿ.

ಪತ್ತಿನ ಸಂಘ

ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಶುರುವಾಯಿತು. ಆಗಿನ ಸಾಲ ಸಾಹುಕಾರರದು, ಈಗಿನದು ಕಾರ್ಡ್ ಕಂಪನಿಯದು. ಸಂಘದ ಉಪಯೋಗ ಮಾತ್ರ ಹೆಚ್ಚು ಬದಲಾಗಿಲ್ಲ. ಶಿಕ್ಷಕರ, ಸಾರಿಗೆ ನೌಕರರ, ರೈಲ್ವೆಯವರ ಪತ್ತಿನ ಸಂಘಗಳಲ್ಲಿ ಸದಸ್ಯರಾಗಿದ್ದರೆ ಸಂಬಳದಿಂದಲೇ ಕಡಿತವಾಗುವ ಸಾಲ ಸಿಗುತ್ತದೆ. ಕೈಗೆ ಬರುವ ಮೊದಲೇ ಕಂತು ಹೋಗುವುದರಿಂದ ತಪ್ಪುವ ಮಾತೇ ಇಲ್ಲ. ಓಣಿಯ ಸೌಹಾರ್ದ ಸಹಕಾರಿಗಳಲ್ಲಿ ದರ ಸಾಮಾನ್ಯವಾಗಿ ಅದಕ್ಕಿಂತ ಮೇಲೆ, ಇಬ್ಬರು ಜಾಮೀನುದಾರರು ಬೇಕು, ಸಾಲದಲ್ಲೇ ಒಂದಿಷ್ಟನ್ನು ಷೇರು ಹಣವಾಗಿ ಹಿಡಿಯುತ್ತಾರೆ. ಆ ಷೇರು ಹಣವನ್ನು ಕಳೆದು ದರ ಲೆಕ್ಕ ಹಾಕಿ ನೋಡಿ, ಹೇಳಿದ್ದಕ್ಕಿಂತ ಮೇಲೆಯೇ ಬರುತ್ತದೆ.

ಇವು ಬಹುಮಟ್ಟಿಗೆ ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಕಾಯ್ದೆಯಡಿ ನಡೆಯುವ ಸಂಸ್ಥೆಗಳು. ಬ್ಯಾಂಕ್ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇಲ್ಲಿಗೆ ಬರುವುದಿಲ್ಲ, ಬಂಗಾರ ಸಾಲದ ಮೇಲಿನ ನಿಯಮಗಳೂ ಇವಕ್ಕೆ ತಾಗುವುದಿಲ್ಲ. ತಕರಾರಿದ್ದರೆ ಸಹಕಾರ ಇಲಾಖೆಯ ಬಾಗಿಲು. ಜಾಮೀನಿಗೆ ಷಡ್ಡಕನನ್ನೋ ಸಹೋದ್ಯೋಗಿಯನ್ನೋ ಕೂರಿಸುವ ಮೊದಲು ಯೋಚಿಸಿ: ಕಾರ್ಡಿನ ಸಾಲ ನಿಮ್ಮೊಬ್ಬರದಾಗಿತ್ತು, ಇದು ಮೂವರದಾಗುತ್ತದೆ.

ಪಿಗ್ಮಿ ಕಟ್ಟುತ್ತಾ ಕಾರ್ಡ್ ಬಾಕಿ ಇಟ್ಟುಕೊಂಡ ಅಂಗಡಿಕಾರರು ಬಹಳ. ದಿನಕ್ಕೆ 300 ರೂ. ಸಣ್ಣ ಬಡ್ಡಿಗೆ ಇಡುವುದು, ಅತ್ತ ಶೇ. 42 ತೆರುವುದು, ಇದಕ್ಕೆ ಲೆಕ್ಕ ಎನ್ನಲಾಗದು. ಕಾರ್ಡಿನ ಬಡ್ಡಿ ದಿನದ ಬಾಕಿಯ ಮೇಲೆ ಬೀಳುತ್ತದೆ. ಗಡುವಿನ ದಿನಕ್ಕೆ ಕಾಯದೆ ವಾರಕ್ಕೊಮ್ಮೆ ಎರಡು ಸಾವಿರ ಕಾರ್ಡಿಗೇ ತುಂಬಿದರೆ ಬಡ್ಡಿ ಅಷ್ಟರಮಟ್ಟಿಗೆ ಇಳಿಯುತ್ತದೆ. ಅವಧಿಗೆ ಮೊದಲೇ ಪಿಗ್ಮಿ ಮುರಿದರೆ ಒಂದಿಷ್ಟು ಕಮಿಷನ್ ಹಿಡಿಯುತ್ತಾರೆ, ಆದರೂ ಮುರಿಯುವುದೇ ಲಾಭ.

ಸೆಟಲ್‌ಮೆಂಟ್ ಕಂಪನಿಗಳು

ಇವಕ್ಕೆ ನಮ್ಮ ಉತ್ತರ: ಬೇಡ. ಜಾಹೀರಾತು "ಅರ್ಧ ಕಟ್ಟಿ, ಸಾಲಮುಕ್ತರಾಗಿ" ಎನ್ನುತ್ತದೆ. ಸಾಮಾನ್ಯ ಕ್ರಮ ಹೀಗೆ: ಮೊದಲು ನೋಂದಣಿ ಶುಲ್ಕ ಅಥವಾ ತಿಂಗಳ ಶುಲ್ಕ, ಆಮೇಲೆ "ಬ್ಯಾಂಕಿಗೆ ಕಟ್ಟುವುದನ್ನು ನಿಲ್ಲಿಸಿ" ಎಂಬ ಸಲಹೆ, ಕಡೆಗೆ ಉಳಿತಾಯವಾಯಿತು ಎನ್ನುವ ಮೊತ್ತದಲ್ಲಿ ಪಾಲು. ನಡುವಿನ ತಿಂಗಳುಗಳಲ್ಲಿ ಬಡ್ಡಿ ಮತ್ತು ದಂಡ ಏರುತ್ತವೆ. ಮಿನಿಮಮ್ ಗಡುವಿನಿಂದ 90 ದಿನದೊಳಗೆ ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಬ್ಯಾಂಕ್ ರಾಜಿಗೆ ಬರುವುದು ಆ ಕಂಪನಿಯ ಜಾಣ್ಮೆಯಿಂದಲ್ಲ, ಖಾತೆ ಕೆಟ್ಟಿದ್ದರಿಂದ. ಅದೇ ಮಾತುಕತೆಯನ್ನು ನೀವೇ ಬಿಟ್ಟಿಯಾಗಿ ಮಾಡಬಹುದು. ಶುಲ್ಕ ಪಡೆದು ಸಾಲಮನ್ನಾ ಪ್ರಮಾಣಪತ್ರ ಕೊಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಆ ಕಾಗದಕ್ಕೆ ಯಾವ ಬೆಲೆಯೂ ಇಲ್ಲ.

ಕೆಲಸ ಹೋಗಿದೆ, ಕಾಯಿಲೆ ಬಿದ್ದಿದೆ, ಬೇರೆ ದಾರಿಯೇ ಇಲ್ಲ ಎಂದಾಗ ರಾಜಿ ಸರಿ. ಆಗ ಕ್ರಮ ತಪ್ಪಬಾರದು. ಏಜೆಂಟನ ವಾಟ್ಸಾಪ್ ಸಂದೇಶ ರಾಜಿ ಪತ್ರವಲ್ಲ. ಬ್ಯಾಂಕಿನ ಲೆಟರ್‌ಹೆಡ್ ಮೇಲೆ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ಒಪ್ಪಿದ ಮೊತ್ತ, ಕಟ್ಟಬೇಕಾದ ತಾರೀಕು, ಪೂರ್ಣ ಮತ್ತು ಅಂತಿಮ ಎಂಬ ಮಾತು ಇರಬೇಕು. ಆ ಪತ್ರ ಅಸಲಿಯೇ ಎಂದು ಬ್ಯಾಂಕಿನ ಅಧಿಕೃತ ಇ-ಮೇಲ್‌ಗೆ ಬರೆದು ಖಾತ್ರಿ ಮಾಡಿಕೊಳ್ಳಿ. ಹಣ ಕಾರ್ಡ್ ಖಾತೆಗೇ ಹೋಗಬೇಕು, ಯಾರದೋ ಯುಪಿಐಗಲ್ಲ. ಒಂದು ದಿನ ತಡವಾದರೂ ಒಪ್ಪಂದ ಮುರಿಯಬಹುದು. ಕಟ್ಟಿದ ಮೇಲೆ ಬಾಕಿಯಿಲ್ಲ ಎಂಬ ಪತ್ರ. ಇಷ್ಟಾದರೂ ನಿಮ್ಮ ಸಾಲದ ಇತಿಹಾಸ ಬರೆದಿಡುವ ಸಿಬಿಲ್ ವರದಿಯಲ್ಲಿ "ಸೆಟಲ್ಡ್" ಎಂದು ಬೀಳುತ್ತದೆ, "ಕ್ಲೋಸ್ಡ್" ಎಂದಲ್ಲ. ಸಾಲದ ಇತಿಹಾಸವನ್ನು ಕನಿಷ್ಠ ಏಳು ವರ್ಷ ಇಡುತ್ತಾರೆ. ಮುಂದೆ ಮನೆ ಸಾಲ ಬೇಕಿರುವವರಿಗೆ ಇದು ದುಬಾರಿ.

ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ನಿಮ್ಮ ನಂಟರಿಗೆ, ಆಫೀಸಿನವರಿಗೆ ಹೇಳಿ ಮಾನ ಕಳೆಯುವಂತಿಲ್ಲ. ಕಟ್ಟಲಾಗದೆ ಉಳಿದ ಕಾರ್ಡ್ ಬಾಕಿ ಸಿವಿಲ್ ವಿಷಯ, "ನಾಳೆ ಪೊಲೀಸರು ಬರ್ತಾರ" ಎಂಬುದು ಬೆದರಿಕೆಯಷ್ಟೇ. ಕೊಟ್ಟ ಚೆಕ್ ಅಥವಾ ಆಟೋ ಡೆಬಿಟ್ ಬೌನ್ಸ್ ಆದರೆ ಮಾತ್ರ ಬೇರೆ ಕಲಮುಗಳು ಬರುತ್ತವೆ. ಬ್ಯಾಂಕಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಒಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕವಿಲ್ಲ, ಮಾಹಿತಿಗೆ 14448. ಲೋಕ ಅದಾಲತ್ ನೋಟಿಸ್ ಬಂದರೆ ಹೆದರಿ ಮೂಲೆಗಿಡಬೇಡಿ, ಹೋಗಿ. ರಾಜಿಗೆ ಅಲ್ಲಿ ಒಳ್ಳೆಯ ಅವಕಾಶ. ಆದರೆ ಸಹಿ ಹಾಕಿದ ತೀರ್ಪು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಟ್ಟಲಾಗದ ಕಂತಿಗೆ ಒಪ್ಪಬೇಡಿ. ವಕೀಲರ ನೆರವು ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ.

ಕಾರ್ಡ್ ಉಜ್ಜಿ ನಗದು ಕೊಡುವ ಅಂಗಡಿಗಳ ವಿಷಯ ಎರಡೇ ಸಾಲಲ್ಲಿ ಮುಗಿಸುತ್ತೇವೆ. ನೂರಕ್ಕೆ ಎರಡು-ಮೂರು ಹಿಡಿದು ಒಂದು ಕಾರ್ಡಿನಿಂದ ಇನ್ನೊಂದರ ಬಿಲ್ ಕಟ್ಟಿಸುವುದು ಸೋರುವ ಕೊಡದಿಂದ ಸೋರುವ ಕೊಡಕ್ಕೆ ನೀರು ಸುರಿದಂತೆ, ಮೇಲಿಂದ ಬ್ಯಾಂಕಿಗೆ ಗೊತ್ತಾದರೆ ಕಾರ್ಡೇ ಬಂದ್.

ಬಾಕಿ ಸೊನ್ನೆಯಾದ ಮೇಲೆ

ಎರಡು-ಮೂರು ಕಾರ್ಡುಗಳಿದ್ದರೆ ದರ ಹೆಚ್ಚಿರುವುದಕ್ಕೆ ಮೊದಲು ಹಣ ಸುರಿಯಿರಿ, ಉಳಿದವಕ್ಕೆ ಮಿನಿಮಮ್. ದರಗಳು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಚಿಕ್ಕ ಬಾಕಿಯನ್ನು ಮೊದಲು ಮುಗಿಸಿ, ಕಟ್ಟಬೇಕಾದ ತಾರೀಕುಗಳಾದರೂ ಕಡಿಮೆಯಾಗುತ್ತವೆ. ಸಂಬಳದ ದಿನಕ್ಕೂ ಬಿಲ್‌ಗೂ ಹೊಂದದಿದ್ದರೆ ಬಿಲ್ಲಿಂಗ್ ಸೈಕಲ್ ಬದಲಿಸಲು ಕೇಳಿ, ಕನಿಷ್ಠ ಒಂದು ಸಲ ಬದಲಿಸಿಕೊಡಲೇಬೇಕು. ಗಡುವು ದಾಟಿ ಮೂರು ದಿನದವರೆಗೆ ತಡದ ಶುಲ್ಕವಿಲ್ಲ, ಸಿಬಿಲ್‌ಗೂ ವರದಿ ಹೋಗುವುದಿಲ್ಲ. ಬಡ್ಡಿ ಮಾತ್ರ ಓಡುತ್ತದೆ.

ಪೂರ್ತಿ ತೀರಿಸಿದ ಮುಂದಿನ ಬಿಲ್‌ನಲ್ಲಿ ಕೆಲವು ನೂರು ರೂಪಾಯಿ ಮತ್ತೆ ಕಾಣಿಸಿಕೊಳ್ಳುವುದುಂಟು. ಬಿಲ್ ತಯಾರಾದ ದಿನದಿಂದ ನೀವು ಕಟ್ಟಿದ ದಿನದವರೆಗಿನ ಬಡ್ಡಿ ಅದು, ಅದನ್ನೂ ಕಟ್ಟಿ. ತೀರಿತೆಂದು ಮರೆತವರಿಗೆ ಆ ಚಿಲ್ಲರೆಯ ಮೇಲೇ ತಡದ ಶುಲ್ಕ ಬೀಳುತ್ತದೆ. ಆ ಮುಂದಿನ ಬಿಲ್ ಸೊನ್ನೆ ತೋರಿಸಿದ ಮೇಲೆ ಕಾರ್ಡ್ ಮುಚ್ಚಲು ಇ-ಮೇಲ್‌ನಲ್ಲಿ ಬರೆಯಿರಿ. ಒಂದೇ ಕಾರ್ಡ್ ಉಳಿಸಿಕೊಳ್ಳುವುದಾದರೆ ಹಳೆಯದನ್ನು ಉಳಿಸಿಕೊಂಡು, ಮಿತಿಯನ್ನು ಒಂದು ತಿಂಗಳ ಸಂಬಳದ ಅರ್ಧಕ್ಕೆ ಇಳಿಸಿಬಿಡಿ. ಮುಚ್ಚುವ ಕೋರಿಕೆ ಬಂದು, ಬಾಕಿ ಇಲ್ಲವಾದರೆ, ಬ್ಯಾಂಕ್ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ಮುಚ್ಚುವವರೆಗೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು. "ಶಾಖೆಗೇ ಬರ್ರಿ" ಅಂದರೆ ಹೋಗುವ ಅಗತ್ಯವಿಲ್ಲ, ಇ-ಮೇಲ್ ತಾರೀಕನ್ನು ಇಟ್ಟುಕೊಳ್ಳಿ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. 2025ರ ಜನವರಿಯಿಂದ ಮಾಹಿತಿ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಹೊಸದಾಗುತ್ತದೆ. ಕಾರ್ಡ್ ಮುಚ್ಚಿ ಒಂದು ತಿಂಗಳ ಮೇಲೆ ವರದಿ ತೆಗೆದು ಬಾಕಿ ಸೊನ್ನೆ, ಸ್ಥಿತಿ ಕ್ಲೋಸ್ಡ್ ಎಂದಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಆನ್‌ಲೈನಿನಲ್ಲಿ ತಕರಾರು ದಾಖಲಿಸಿ. 30 ದಿನದೊಳಗೆ ಸರಿಯಾಗದಿದ್ದರೆ ಅಲ್ಲಿಂದ ಮುಂದೆ ದಿನಕ್ಕೆ 100 ರೂ. ಪರಿಹಾರಕ್ಕೆ ನೀವು ಹಕ್ಕುದಾರರು.